ಹಳೆ ಬಟ್ಟೆಗೆ ಹೊಸ ಟೀ ಶರ್ಟು

ಕಳೆದ ತಿಂಗಳು ನಮ್ಮ ದಾವಣಗೆರೆಯಲ್ಲಿ ಒಂದು ಕಾರ್ಯಾಗಾರ ನಡೆಯಿತು. ಹೆಸರು ‘ಹಳೆ ಬಟ್ಟೆಗೆ ಹೊಸ ಜೀವ’. ಹೋದವರಿಗೆಲ್ಲ ಬಾಗಿಲಲ್ಲೇ ಒಂದೊಂದು ಹೊಸ ಟೀ ಶರ್ಟು ಕೊಟ್ಟರು. ಎದೆ ಮೇಲೆ ‘ಹೊಸದು ಕೊಳ್ಳಬೇಡಿ’ ಅಂತ ಅಚ್ಚು ಹಾಕಿಸಿದ್ದರು.

ನಾನೂ ಒಂದು ತಗೊಂಡೆ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡ್ತಾರೆ? ಸೈಜು ಮಾತ್ರ ಎಲ್ಲರಿಗೂ ಒಂದೇ, ಗಣಪತಿಗೆ ಹೊಲಿಸಿದಂಗೆ.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಹತ್ತಿ ಬೆಳೆಯುವುದರಿಂದ ಹಿಡಿದು ಲೆಕ್ಕ ಹಾಕಿದರೆ ಒಂದು ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಅಂತ ಹೇಳಿ ಗಾಬರಿ ಹುಟ್ಟಿಸಿದರು. ನಾನು ಸುಮ್ನೆ ತಲೆ ಎಣಿಸಿದೆ. 60 ಜನ. ಅಂದರೆ 1,62,000 ಲೀಟರ್ ನೀರು ನಮ್ಮ ತೊಡೆ ಮೇಲೆ ಮಡಚಿ ಕೂತಿತ್ತು. ನಮ್ಮ ಬೀದಿಗೆ ನಲ್ಲಿ ನೀರು ಬಿಟ್ಟು ಐದು ದಿನ ಆಗಿತ್ತು, ಅದು ಬೇರೆ ಮಾತು.

ಆಮೇಲೆ ಸನ್ಮಾನ. ವೇದಿಕೆ ಮೇಲೆ ಹನ್ನೊಂದು ಜನ, ಹನ್ನೊಂದು ಶಾಲು. ಈ ಸನ್ಮಾನದ ಶಾಲು ನೋಡಿದ್ದೀರಲ್ಲ? ಹೊದ್ದರೆ ಬೆಚ್ಚಗಾಗಲ್ಲ, ಒರೆಸಿದರೆ ನೀರು ಹೀರಲ್ಲ. ಅಲ್ಮೆರಾದಲ್ಲಿ ವರ್ಷಗಟ್ಟಲೆ ಮಲಗಿದ್ದು, ಇನ್ನೊಬ್ಬರ ಸನ್ಮಾನಕ್ಕೆ ಎದ್ದು ಹೋಗುತ್ತದೆ. ನಿಜಕ್ಕೂ ಮರುಬಳಕೆ ಅಂದರೆ ಇದೇ. ಆದರೆ ಅದರ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.

ಕೊನೆಗೆ ಬೆಂಗಳೂರಿನಿಂದ ಬಂದ ತಜ್ಞೆಯ ಸರದಿ. ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುವ ಹಳೆ ಪ್ಯಾಂಟನ್ನು ಆಕೆ ‘ಥ್ರಿಫ್ಟ್’ ಅಂದರು. ಹೆಸರು ಬದಲಾದ ಕೂಡಲೇ ಪ್ಯಾಂಟಿಗೂ ಒಂದು ಗತ್ತು ಬಂತು. ಉದ್ದ ಜಾಸ್ತಿ ಇದ್ದರೆ ಕೆಳಗೆ ಮಡಚಿ ಹೊಲಿಯಬೇಕು ಅಂದರು. ಎಲ್ಲರೂ ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು.

ಪಕ್ಕದಲ್ಲಿದ್ದ ನಮ್ಮತ್ತೆ ಮೆಲ್ಲಗೆ ಕೇಳಿದರು, “ಇದನ್ನ ಕಲಿಸಾಕೆ ಬೆಂಗಳೂರಿಂದ ಬರಬೇಕಿತ್ತೇನವ್ವಾ?”

ಅವರ ಮಾತು ಸುಳ್ಳಲ್ಲ. ನಮ್ಮ ಕಾಲದ ಯೂನಿಫಾರಂ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ ಇರುತ್ತಿತ್ತು. ಪ್ರತಿ ಜೂನ್‌ನಲ್ಲಿ ಒಂದೊಂದು ಮಡಿಕೆ ಬಿಚ್ಚುತ್ತಿದ್ದರು. ಬಿಸಿಲಿಗೆ ಮಾಸದ ಆ ಗಾಢ ಪಟ್ಟಿಗಳನ್ನು ಎಣಿಸಿದರೆ ಹುಡುಗಿ ಯಾವ ಕ್ಲಾಸು ಅಂತ ಗೊತ್ತಾಗುತ್ತಿತ್ತು. ಅಪ್ಪನ ಅಂಗಿಯ ಕಾಲರ್ ಸವೆದರೆ ಟೈಲರ್ ಅದನ್ನು ಬಿಚ್ಚಿ, ತಿರುವಿ ಹೊಲಿದು ಕೊಡುತ್ತಿದ್ದ. ಇನ್ನೆರಡು ವರ್ಷಕ್ಕೆ ಚಿಂತೆ ಇಲ್ಲ. ಆಮೇಲೆ ಅಂಗಿ ಕೌದಿಗೆ ಸೇರುತ್ತಿತ್ತು. ಜರಿ ಸೀರೆ ಮಾತ್ರ ಪಾತ್ರೆಯವಳ ಪಾಲು, ಅದೂ ಅರ್ಧ ಗಂಟೆ ಜಗಳ ಆಡಿ, ಬೋಗುಣಿ ಮೇಲೊಂದು ಲೋಟ ಕಿತ್ತುಕೊಂಡ ಮೇಲೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಬಟ್ಟೆ ನೇಯ್ದ ಊರಿಗೆ ಅಂಚು ಮಡಚುವುದು ಹೊಸ ಸುದ್ದಿ!

ತಜ್ಞೆ ಹೇಳಿದ ಒಂದು ಮಾತು ಮಾತ್ರ ಒಪ್ಪಿದೆ. ಹಳೆ ಬಟ್ಟೆ ತಂದರೆ ಕತ್ತರಿ ಹಾಕುವ ಮುಂಚೆ ಒಮ್ಮೆ ಒಗೆದು ಒಣಗಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಆ ಬುದ್ಧಿಯಿಂದ ನನ್ನ ಟೀ ಶರ್ಟನ್ನೂ ಒಗೆದೆ. ‘ಬೇಡಿ’ ನೀರಿಗೆ ಹೋಗಿ ‘ಹೊಸದು ಕೊಳ್ಳ’ ಅಷ್ಟೇ ಉಳಿಯಿತು.

ವೇದಿಕೆ ಹಿಂದೆ ಇಪ್ಪತ್ತು ಅಡಿಯ ಫ್ಲೆಕ್ಸು ಬೇರೆ ಕಟ್ಟಿದ್ದರು. ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧ ಆಗಿದೆಯಲ್ಲ ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸಿತು, ಊಟದ ಕೌಂಟರ್ ತೆರೆಯುವವರೆಗೆ.

ಮೊನ್ನೆ ಮಳೆ ಹನಿಯುವಾಗ ಮಂಡಕ್ಕಿ ಮಿರ್ಚಿ ತಿನ್ನಲು ಗಾಡಿ ಹತ್ತಿರ ಹೋದೆ. ತಲೆ ಮೇಲೆ ಅದೇ ಫ್ಲೆಕ್ಸು, ಮುಖ್ಯ ಅತಿಥಿಗಳು ತಲೆಕೆಳಗಾಗಿ ನಗುತ್ತಿದ್ದರು. ಆ ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ ಅಂದೆ. ಗಾಡಿಯವನು ಬಾಣಲೆಯಿಂದ ಜಾಲರಿ ಎತ್ತುತ್ತ ಕೇಳಿದ, “ಮುಂದಿಂದು ಯಾವಾಗ್ರೀ ಅಕ್ಕಾರೆ? ಆ ಕಡೆ ಇನ್ನೂ ಸೋರ್ತೈತಿ.”