ಮಳೆ ರಜೆಯ ದಿನ ತೂಗಿದ ಲೋಲಕ

ಲ್ಯಾಬ್ ರೆಕಾರ್ಡಿನ ಪುಟದ ಮೂಲೆಯಲ್ಲಿ ದಿನಾಂಕ ಬರೆಯಲು ಒಂದು ಪುಟ್ಟ ಜಾಗ ಉಂಟು. ಅಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ, ಸಹಿ ಹಾಕುವವರಂತೂ ಓದುವುದೇ ಇಲ್ಲ. ಜುಲೈಯ ಒಂದು ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನು ನಿಂತು, ಮಾಡಲು ಬೇರೆ ಕೆಲಸ ಇಲ್ಲದ್ದರಿಂದ ಅದು ಕಣ್ಣಿಗೆ ಬಿತ್ತು. ಆ ತಾರೀಕಿಗೆ ಮಂಗಳೂರಿನಲ್ಲಿ ರೆಡ್ ಅಲರ್ಟ್. ಡಿಸಿ ರಜೆ ಕೊಟ್ಟಿದ್ದರು. ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ ಎಂದು ಡಿಗ್ರಿಯವರ ಹೊಟ್ಟೆ ಉರಿಸುವ ರಜೆಯಲ್ಲ, ಎಲ್ಲರಿಗೂ ಸಿಕ್ಕಿದ ರಜೆ. ಲ್ಯಾಬಿಗೆ ಬೀಗ. ಆದರೂ ಆ ದಿನ ದಾರಕ್ಕೆ ಗುಂಡು ಕಟ್ಟಿದ ಲೋಲಕ ತೂಗಿದೆ, ಇಪ್ಪತ್ತು ಆಂದೋಲನದ ಸಮಯ ದಾಖಲಾಗಿದೆ, ಅದರಿಂದ ಲೆಕ್ಕ ಹಾಕಿದ ಗುರುತ್ವದ ವೇಗೋತ್ಕರ್ಷ 9.81 ಎಂದು ಬಂದು ಅದರ ಸುತ್ತ ಸ್ಕೇಲು ಹಿಡಿದು ಚೌಕವೂ ಬಿದ್ದಿದೆ.

ಮಳೆ ರಜೆಯ ಲೆಕ್ಕವೇ ಹುಡುಗರಿಗೆ ಅರ್ಥವಾಗಿಲ್ಲ. ವಾರಕ್ಕೆ ನಾಲ್ಕು ಗಂಟೆಯಂತೆ 16 ವಾರಕ್ಕೆ 64 ತರಗತಿ. ಬೇಕಾದ ಹಾಜರಿ ಶೇಕಡ 75, ಅಂದರೆ 48. ಹಾಗಾಗಿ 16 ತರಗತಿ ತಮ್ಮ ಹಕ್ಕಿನ ಸಿಎಲ್ ಎಂದು ಮೊದಲ ವಾರವೇ ನಿರ್ಧಾರವಾಗಿರುತ್ತದೆ. ಮಳೆಗೆ ಎಂಟು ತರಗತಿ ಕೊಚ್ಚಿಹೋದರೆ ಆದದ್ದು 56, ಬೇಕಾದದ್ದು 42, ಬಿಡಬಹುದಾದದ್ದು 14 ಮಾತ್ರ. ರಜೆ ಸಿಕ್ಕಿದಾಗ ಕೈಯಲ್ಲಿದ್ದ ರಜೆ ಕಡಿಮೆಯಾಗುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಹದಿನಾರನ್ನೂ ಮುಗಿಸಿದವನು ಶೇಕಡ 71ಕ್ಕೆ ಬಂದು ನಿಂತು, ‘ಸರ್, ಮಳೆ ಬಂದದ್ದಕ್ಕೆ ನಾವು ಎಂತ ಮಾಡುದು?’ ಎನ್ನುತ್ತಾನೆ. ಅವನು ಬಿಟ್ಟ ದಿನಗಳಲ್ಲಿ ಹೆಚ್ಚಿನವು ಬಿಸಿಲಿನವು.

ಇರಲಿ, ವಿಷಯ 9.81ರದ್ದು. ಗುರುತ್ವ ಎಲ್ಲ ಕಡೆ ಒಂದೇ ಅಲ್ಲ. ಭೂಮಿಗೆ ಸೊಂಟದಲ್ಲಿ ಬೊಜ್ಜು, ಮೇಲಿಂದ ಗಿರಗಿರ ತಿರುಗುವ ಚಟ. ಹಾಗಾಗಿ ಸಮಭಾಜಕದ ಹತ್ತಿರ ಗುರುತ್ವ ಸ್ವಲ್ಪ ಕಡಿಮೆ. ಹದಿಮೂರು ಡಿಗ್ರಿ ಅಕ್ಷಾಂಶದ ನಮ್ಮ ಮಂಗಳೂರಿನಲ್ಲಿ ಅದು 9.78. 9.81 ಲಂಡನ್ನಿನದ್ದು. ಪುಸ್ತಕಗಳಲ್ಲಿರುವ 9.80665 ಕೂಡ 1901ರಲ್ಲಿ ಸಮ್ಮೇಳನವೊಂದು ಅಳತೆಗೆ ಅನುಕೂಲವೆಂದು ಗೊತ್ತುಮಾಡಿದ ಸಂಖ್ಯೆ, ಯಾವ ಊರಿಗೂ ಕಡ್ಡಾಯವಲ್ಲ. ಇಲ್ಲಿ ಮಾತ್ರ ವರ್ಷ ವರ್ಷವೂ ಬ್ಯಾಚಿಗೆ ಬ್ಯಾಚೇ ಲಂಡನ್ನಿನ ಗುರುತ್ವವನ್ನು ಅಳೆದು ತರುತ್ತದೆ.

ನಿಜವಾಗಿ ಅಳೆದವನಿಗೆ ಅದು ಇಷ್ಟು ಸಲೀಸಾಗಿ ಸಿಗುವುದಿಲ್ಲ. ಒಂದು ಮೀಟರ್ ಲೋಲಕ ಇಪ್ಪತ್ತು ಸಲ ತೂಗಲು ಇಲ್ಲಿ 40.2 ಸೆಕೆಂಡು ಬೇಕು. ಸ್ಟಾಪ್‌ವಾಚು ಒತ್ತುವ ಹೆಬ್ಬೆರಳು 0.2 ಸೆಕೆಂಡು ಆಚೀಚೆ ಆದರೂ ಉತ್ತರ ಶೇಕಡ ಒಂದರಷ್ಟು ಹಾರುತ್ತದೆ; 9.7ರಿಂದ 9.9ರೊಳಗೆ ಎಲ್ಲಿ ಬೇಕಾದರೂ ಕೂರಬಹುದು. ಗುಂಡನ್ನು ಬದಿಗೆ ಎಂಟು ಸೆಂಟಿಮೀಟರಿಗಿಂತ ಹೆಚ್ಚು ಎಳೆಯಬಾರದು; ಎಳೆಯುವವರು ತೊಟ್ಟಿಲು ತೂಗುವಂತೆ ಎಳೆಯುತ್ತಾರೆ. ಗುಂಡು ಬಿಟ್ಟ ಕ್ಷಣಕ್ಕೆ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಸುರು ಮಾಡಿದರೆ ಇಪ್ಪತ್ತೆಂದು ಎಣಿಸಿದ್ದು ಹತ್ತೊಂಬತ್ತೇ ಆಗಿ, ಉತ್ತರ 10.8ಕ್ಕೆ ನೆಗೆಯುತ್ತದೆ. ಫ್ಯಾನು ಬಂದ್ ಮಾಡಬೇಕು, ಇಲ್ಲದಿದ್ದರೆ ಗುಂಡು ನೇರ ತೂಗದೆ ದೇವಸ್ಥಾನಕ್ಕೆ ಸುತ್ತು ಬಂದಂತೆ ಅಂಡಾಕಾರದಲ್ಲಿ ಸುತ್ತುತ್ತದೆ. ಕರಾವಳಿಯ ಸೆಕೆಯಲ್ಲಿ ನಲವತ್ತು ಮಂದಿಯ ಎದುರು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಲು ಲೆಕ್ಚರರಿಗೂ ಧೈರ್ಯ ಸಾಲದು.

ಅತ್ಯಂತ ಸೊಗಸಿನ ತಪ್ಪು ಇನ್ನೊಂದುಂಟು. ದಾರವನ್ನು ಕೊಕ್ಕೆಯವರೆಗೆ ಅಳೆದು ಗುಂಡಿನ ತ್ರಿಜ್ಯ ಸೇರಿಸಲು ಮರೆಯುವುದು. ತ್ರಿಜ್ಯ ಒಂದು ಸೆಂಟಿಮೀಟರ್ ಇದ್ದರೆ, ಒಂದೇ ಅಳತೆಯಿಂದ ಲೆಕ್ಕ ಮಾಡಿದವನ ಉತ್ತರ 9.7ಕ್ಕೆ ಇಳಿಯುತ್ತದೆ. ಆದರೆ 60ರಿಂದ 120 ಸೆಂಟಿಮೀಟರಿನವರೆಗೆ ಏಳು ಉದ್ದಗಳಿಗೆ ಅಳೆದು, ಉದ್ದ ಒಂದು ಅಕ್ಷಕ್ಕೆ, ಆಂದೋಲನ ಕಾಲದ ವರ್ಗ ಇನ್ನೊಂದು ಅಕ್ಷಕ್ಕೆ ಹಾಕಿ ಗೆರೆ ಎಳೆದವನಿಗೆ ಏನೂ ತೊಂದರೆ ಇಲ್ಲ. ಉತ್ತರ ಸಿಗುವುದು ಗೆರೆಯ ಓಟದಿಂದ, ಅಂದರೆ ಇಳಿಜಾರಿನಿಂದ; ಅದು ಬದಲಾಗುವುದಿಲ್ಲ, ಉತ್ತರ ಸರಿಯಾಗಿಯೇ ಬರುತ್ತದೆ. ಗೆರೆ ಎರಡು ಅಕ್ಷಗಳು ಕೂಡುವ ಮೂಲಬಿಂದುವಿಗೆ ಹೋಗದೆ ಉದ್ದದ ಅಕ್ಷವನ್ನು ಒಂದು ಸೆಂಟಿಮೀಟರ್ ಹಿಂದೆ ಮುಟ್ಟುತ್ತದೆ, ಅಷ್ಟೆ. ಮರೆತ ತ್ರಿಜ್ಯವನ್ನು ಗ್ರಾಫೇ ಅಳೆದು ತೋರಿಸುತ್ತದೆ! ಮೂರು ಗಂಟೆಯ ಲ್ಯಾಬಿನಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಹುಡುಗರು ಮಾಡುವುದೇನೆಂದರೆ, ಆ ಗೆರೆಯನ್ನು ರಬ್ಬರಿನಲ್ಲಿ ಉಜ್ಜಿ, ಸ್ಕೇಲು ಓರೆ ಮಾಡಿ, ಮೂಲಬಿಂದುವಿಗೆ ತಂದು ಕಟ್ಟುವುದು. ತರಗತಿಯಲ್ಲಿ ‘ಗೆರೆ ಮೂಲಬಿಂದುವಿನಿಂದ ಹೊರಡುತ್ತದೆ’ ಎಂದು ಬರೆಸಿದ್ದಾರಲ್ಲ.

ಬರೆಸಿದವರು ಯಾರು? ಅಲ್ಲೇ ಬಂದದ್ದು ಕೋಪ. ಹುಡುಗರ ಜವಾಬ್ದಾರಿಯ ಪಟ್ಟಿ ಸೆಮಿಸ್ಟರಿನ ಮೊದಲ ದಿನವೇ ಓದಿಯಾಗಿರುತ್ತದೆ: ಅಬ್ಸರ್ವೇಷನ್ ಪುಸ್ತಕಕ್ಕೆ ಅದೇ ದಿನ ಸಹಿ, ರೆಕಾರ್ಡು ವಾರದೊಳಗೆ, ಬಲಪುಟಕ್ಕೆ ಪೆನ್ನು, ಎಡಪುಟಕ್ಕೆ ಪೆನ್ಸಿಲು, ಗ್ರಾಫ್ ಹಾಳೆಗೆ ರಿಜಿಸ್ಟರ್ ನಂಬರು. ಕೊನೆಗೆ 9.81ಕ್ಕೆ ‘ಗುಡ್’. 9.66 ತಂದವನಿಗೆ ಕೆಂಪು ಸುತ್ತು ಹಾಕಿ ‘ರಿಪೀಟ್’. ಆ ಹುಡುಗ ಫ್ಯಾನು ಬಂದ್ ಮಾಡಿ, ಬೆವರೊರೆಸಿಕೊಂಡು ಅಳೆದಿರುತ್ತಾನೆ. ಎರಡನೆಯ ಸಲ ಅವನು ಅಳೆಯುವುದಿಲ್ಲ, ಬೆಂಚಿನ ಪಕ್ಕದವನ ಪುಸ್ತಕ ನೋಡುತ್ತಾನೆ. ಆಮೇಲೆ ಸ್ಟಾಫ್‌ರೂಮಿನಲ್ಲಿ ಚಹಾದ ಜೊತೆ, ‘ಈಗಿನ ಮಕ್ಕಳಿಗೆ ಜವಾಬ್ದಾರಿ ಎಂಬುದೇ ಇಲ್ಲ ಮಾರಾಯ್ರೆ.’

ಹಾಗಾದರೆ ರೆಕಾರ್ಡಿನಲ್ಲಿ ಏನಿರಬೇಕು ಎಂದು ಕೇಳಿದರೆ, 9.66 ಎಂದು ಬರೆದು ಕೆಳಗೆ ‘ಹೆಬ್ಬೆರಳು ತಡವಾಯಿತು’ ಎಂದು ಒಂದು ಸಾಲು...

ಕರೆಂಟು ಬಂತು. ಫ್ಯಾನು ತಿರುಗಿತು. ರೆಕಾರ್ಡುಗಳೊಳಗೆ ಅಂಟಿಸದೆ ಬರೇ ಮಡಚಿಟ್ಟಿದ್ದ ಗ್ರಾಫ್ ಹಾಳೆಗಳು ಒಂದೊಂದಾಗಿ ಹಾರಿ ಒದ್ದೆ ಕೊಡೆಗಳ ಮೇಲೆ ಬಿದ್ದವು. ರಿಜಿಸ್ಟರ್ ನಂಬರು ಇದ್ದದ್ದು ಎರಡರಲ್ಲಿ. ಉಳಿದವುಗಳನ್ನು ಗೆರೆ ನೋಡಿ ಗುರುತಿಸೋಣವೆಂದರೆ, ಎಲ್ಲವೂ ಮೂಲಬಿಂದುವಿನಿಂದಲೇ ಹೊರಟಿವೆ.