ಹ್ಯಾಮ್ಲೆಟ್ ಅಷ್ಟೊಂದು ಹಿಂಜರಿಯುವವನಾ?

ಶೇಕ್ಸ್‌ಪಿಯರ್ ನಾಟಕದ ರಾಜಕುಮಾರ ಹ್ಯಾಮ್ಲೆಟ್ ಅಪ್ಪನ ಕೊಲೆಗೆ ಸೇಡು ತೀರಿಸಿಕೊಳ್ಳದೆ ಸುಮ್ನೆ ಯೋಚಿಸುತ್ತಲೇ ಕಾಲ ಕಳೆದ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಮೂರನೇ ಅಂಕದಲ್ಲಿ ಕ್ಲಾಡಿಯಸ್, ಅಂದರೆ ಆ ಅಪ್ಪನನ್ನು ಕೊಂದು ರಾಜನಾದ ಚಿಕ್ಕಪ್ಪ, ಒಬ್ಬನೇ ಪ್ರಾರ್ಥನೆಗೆ ಮಂಡಿಯೂರಿರುತ್ತಾನೆ. ಹಿಂದೆ ಹ್ಯಾಮ್ಲೆಟ್, ಕೈಯಲ್ಲಿ ಕತ್ತಿ. ಆದರೂ ಬಿಟ್ಟುಬಿಡುತ್ತಾನೆ. ಕರುಣೆಯಿಂದ ಅಂದುಕೊಂಡಿರಾ? ಪ್ರಾರ್ಥನೆ ಮಾಡುವಾಗ ಕೊಂದರೆ ಈ ಪಾಪಿ ಸೀದಾ ಸ್ವರ್ಗಕ್ಕೆ ಹೋಗುತ್ತಾನೆ, ಅಪ್ಪನಿಗೆ ಮಾತ್ರ ಪಶ್ಚಾತ್ತಾಪಕ್ಕೂ ಸಮಯ ಸಿಗಲಿಲ್ಲ ಅನ್ನೋ ಲೆಕ್ಕ! ಸತ್ತಮೇಲೂ ಬಿಡದ ಹಗೆ ಅದು, ನ್ಯಾಯ ಅನ್ನೋಕೆ ನನಗಂತೂ ಬಾಯಿ ಬರಲ್ಲ. ತಮಾಷೆ ನೋಡಿ, ಕ್ಲಾಡಿಯಸ್‌ಗೆ ಆಗ ಪ್ರಾರ್ಥನೆಯೇ ಕೂಡಿಬಂದಿರುವುದಿಲ್ಲ. ಕೊಲೆಯಿಂದ ಸಿಕ್ಕ ಕಿರೀಟ, ರಾಣಿ ಎರಡನ್ನೂ ಬಿಡೋ ಮನಸ್ಸಿಲ್ಲ.

ಮುಂದಿನ ದೃಶ್ಯದಲ್ಲೇ ಪರದೆ ಹಿಂದೆ ಯಾರಿದ್ದಾರೆ ಅಂತಲೂ ನೋಡದೆ ಹ್ಯಾಮ್ಲೆಟ್ ರಾಜನ ಮಂತ್ರಿ ಪೊಲೋನಿಯಸ್‌ನನ್ನು ಇರಿಯುತ್ತಾನೆ. ಆಮೇಲೆ ತನ್ನನ್ನು ಕೊಲ್ಲಿಸೋಕೆ ಕ್ಲಾಡಿಯಸ್ ಕಳಿಸಿದ ಪತ್ರ ಬದಲಿಸಿ ಹಳೇ ಗೆಳೆಯರಿಬ್ಬರನ್ನು ಇಂಗ್ಲೆಂಡಿನಲ್ಲಿ ಸಾವಿಗೆ ಒಪ್ಪಿಸುತ್ತಾನೆ. ಅಲ್ಲಿ ಯಾವ ಹಿಂಜರಿಕೆಯೂ ಕಾಣಲ್ಲ, ಅಲ್ವಾ?