ತರಬೇತಿಗೊಂದು ವೈಯಕ್ತಿಕ ಶಿಕ್ಷಣ ಯೋಜನೆ

ವಿಶೇಷ ಶಿಕ್ಷಕರಿಗಾಗಿ ಏರ್ಪಡಿಸಿದ್ದ ‘ತರಗತಿಯ ಪ್ರಾಯೋಗಿಕ ತಂತ್ರಗಳು’ ಎಂಬ ಮೂರು ದಿನಗಳ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿ, ಪ್ರಮಾಣಪತ್ರ ಮುದುಡದಂತೆ ಎದೆಗವಚಿಕೊಂಡು, ಬಸ್ಸಿನಲ್ಲಿ ನಿಂತೇ ಊರು ಸೇರಿದ್ದೇನೆ. ಆ ಮೂರು ದಿನ ತಂತ್ರಗಳು ಯಥೇಚ್ಛವಾಗಿದ್ದವು. ತರಗತಿ ಇರಲಿಲ್ಲ, ಮಕ್ಕಳಂತೂ ಇರಲೇ ಇಲ್ಲ. ಮಕ್ಕಳು ಬಂದರೆ ಗಲಾಟೆಯಾಗಿ ತರಬೇತಿಯ ಶಿಸ್ತು ಕೆಡುತ್ತದೆ ಎಂಬುದನ್ನು ಸಂಘಟಕರು ಮೊದಲೇ ಯೋಚಿಸಿದ್ದರು.

ಸಭಾಂಗಣವು ಎರಡನೆಯ ಮಹಡಿಯಲ್ಲಿತ್ತು. ಗಾಲಿಕುರ್ಚಿ ಬಳಸುವ ನಮ್ಮ ಸಹೋದ್ಯೋಗಿಯೊಬ್ಬರನ್ನು ನಾಲ್ವರು ಕುರ್ಚಿಯ ಸಮೇತ ಎತ್ತಿಕೊಂಡು, ತಿರುವಿನಲ್ಲಿ ಒಮ್ಮೆ ಗೋಡೆಗೆ ತಾಗಿಸಿ, ಏದುಸಿರು ಬಿಡುತ್ತ ಮೇಲೆ ತಂದರು. ಅವರು ಬಂದು ಸೇರಿದ ಮೇಲೆಯೇ ಮೊದಲ ಅವಧಿ ಆರಂಭವಾಯಿತು ಎಂಬುದನ್ನು ಸಂಘಟಕರ ಪರವಾಗಿ ಹೇಳಲೇಬೇಕು. ಆ ಅವಧಿಯ ವಿಷಯ ‘ಅಡೆತಡೆರಹಿತ ಪರಿಸರ’. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೆಯ ಸೆಕ್ಷನ್ನಿನ ಪ್ರಕಾರ ಶಾಲೆಯ ಕಟ್ಟಡವು ಎಲ್ಲರಿಗೂ ಎಟುಕುವಂತಿರಬೇಕೆಂದು ತಿಳಿಸಿಕೊಟ್ಟಾಗ, ಅತಿ ಗಮನವಿಟ್ಟು ಕೇಳಿದವರು ಕುರ್ಚಿ ಹೊತ್ತು ತಂದ ಆ ನಾಲ್ವರು.

ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿಯೇ ಹೇಳಿದೆ. ತಾಲ್ಲೂಕಿನ ಶಾಲೆಗಳನ್ನು ಸುತ್ತುವ ನನ್ನ ಪಾಲಿಗೆ ಹಳ್ಳಿಗಳೇ ಹತ್ತಕ್ಕಿಂತ ಹೆಚ್ಚು ಬಂದಿರುವುದರಿಂದ ಈ ಅನುಪಾತವು ಕಾಗದದ ಮೇಲಿನ ಮಾತೆಂದು ನಾನು ತಿಳಿದಿದ್ದೆ. ಅದು ತಪ್ಪು. ಉದ್ಘಾಟನೆಯ ವೇದಿಕೆಯಲ್ಲಿ, 38 ಶಿಬಿರಾರ್ಥಿಗಳಿಗೆ 9 ಗಣ್ಯರಂತೆ, ಅನುಪಾತವು ನಿಗದಿಗಿಂತಲೂ ಉದಾರವಾಗಿ ಪಾಲನೆಯಾಗಿತ್ತು. ಆ ಒಂಬತ್ತು ಮಂದಿಯಲ್ಲಿ ಮೂವರು ನಮ್ಮ ಮಕ್ಕಳನ್ನು ‘ದೇವರ ಮಕ್ಕಳು’ ಎಂದರು, ಒಬ್ಬರು ನಮ್ಮನ್ನೇ ದೇವರೆಂದರು, ಉಳಿದವರು ಬೇರೊಂದು ಕಾರ್ಯಕ್ರಮವಿದೆಯೆಂದು ಎದ್ದುಹೋದರು. ದೇವರಾದವರಿಗೆ ಸಂಬಳ ಏಕೆ ತಡವಾಗುತ್ತದೆಂದು ಕೇಳುವ ಸಂದರ್ಭ ಅದಾಗಿರಲಿಲ್ಲ.

ನಂತರ ಸಂಪನ್ಮೂಲ ವ್ಯಕ್ತಿಗಳು ಪರದೆಯನ್ನು ಬೆಳಗಿಸಿದರು. ‘ದೀರ್ಘ ಉಪನ್ಯಾಸ ಸಲ್ಲದು, ಪಾಠವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಿರಿ, ಮಾಡಿ ತೋರಿಸಿ, ಮಾಡಿಸಿ’ ಎಂಬ ಸ್ಲೈಡನ್ನು ಅವರು ಎರಡು ಗಂಟೆಗಳ ಕಾಲ ನಿರಂತರವಾಗಿ ವಿವರಿಸಿದರು. 1995ರ ವಿಕಲಚೇತನರ ಕಾಯ್ದೆಯಲ್ಲಿ ವೈಕಲ್ಯದ ಬಗೆಗಳು ಏಳಿದ್ದವು. 2016ರಲ್ಲಿ ಅವು ಇಪ್ಪತ್ತೊಂದಾದವು. ಅದಕ್ಕೆ ಕೊಟ್ಟ ವೇಳೆ ಮಾತ್ರ ಚಹಾದಿಂದ ಊಟದವರೆಗಿನ ಒಂದೂವರೆ ಗಂಟೆಯೇ. ಲೆಕ್ಕ ಹಾಕಿದರೆ ಆಟಿಸಂಗೆ ನಾಲ್ಕು ನಿಮಿಷ, ಸೆರೆಬ್ರಲ್ ಪಾಲ್ಸಿಗೆ ನಾಲ್ಕು ನಿಮಿಷ, ರಕ್ತ ಹೆಪ್ಪುಗಟ್ಟದ ಕುಸುಮರೋಗಕ್ಕೂ ಅಷ್ಟೇ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದರಲ್ಲಿ ದೋಷ ಕಾಣದು.

ಬ್ರೈಲ್ ಅವಧಿಯನ್ನಂತೂ ನಾನು ಮರೆಯಲಾರೆ. ಸ್ಲೇಟೆಂಬ ಕಿಂಡಿಗಳ ಚೌಕಟ್ಟಿನಲ್ಲಿ ಕಾಗದ ಸಿಕ್ಕಿಸಿ ಬ್ರೈಲ್ ಬರೆಯುವಾಗ ಕಾಗದದ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಬಳಿಕ ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಚುಚ್ಚುವ ಮೊಳೆ ಕೈಗೆ ಸಿಕ್ಕಿದ ಹೊರತು ಇದು ತಲೆಗೆ ಹತ್ತುವುದಿಲ್ಲ. ಸ್ಲೇಟುಗಳು ಅಲ್ಲಿಯೇ ಇದ್ದವು, ಬೀರುವಿನಲ್ಲಿದ್ದವು. ಬೀರುವಿನ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಹೀಗಾಗಿ ಬೆರಳಿನಿಂದ ಮುಟ್ಟಿ ಓದುವ ಲಿಪಿಯನ್ನು ನಾವು ಮೂವತ್ತೆಂಟು ಮಂದಿ ಗೋಡೆಯ ಮೇಲೆ ಕಣ್ಣಿನಿಂದ ನೋಡಿ ಕಲಿತೆವು.

ಬೇಸರ ಕಳೆಯಲೆಂದು ನಾನು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಆ ತರಬೇತಿಗೇ ಒಂದು ವೈಯಕ್ತಿಕ ಶಿಕ್ಷಣ ಯೋಜನೆಯನ್ನು, ಅಂದರೆ ನಾವು ಒಂದೊಂದು ವಿಶೇಷ ಮಗುವಿಗೂ ಅದರ ಮಟ್ಟ ನೋಡಿ ಗುರಿಗಳನ್ನು ಗೊತ್ತುಮಾಡುವ ಯೋಜನೆಯನ್ನು, ಬರೆದೆ. ಪ್ರಸ್ತುತ ಮಟ್ಟ: ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಬಲ್ಲದು, ಪ್ರಶ್ನೆ ಕೇಳಿದರೆ ಗಾಬರಿಯಾಗುತ್ತದೆ, ‘ಊಟ’ ಎಂಬ ಶಬ್ದಕ್ಕೆ ಒಡನೆಯೇ ಸ್ಪಂದಿಸುತ್ತದೆ. ಅಲ್ಪಾವಧಿ ಗುರಿ: ಮೂರು ತಿಂಗಳೊಳಗೆ, ಇತರರ ನೆರವಿನಿಂದ, ಐದರಲ್ಲಿ ನಾಲ್ಕು ಸಲವಾದರೂ ನೆಲಮಹಡಿಯಲ್ಲಿ ನಡೆಯುವುದು. ದೀರ್ಘಾವಧಿ ಗುರಿ: ವರ್ಷಾಂತ್ಯದೊಳಗೆ ಒಂದು ಮಗುವನ್ನು ಕಾಣುವುದು. ಬಹುಮಾನ: ಸ್ಲೈಡಿಲ್ಲದೆ ಕಳೆದ ಪ್ರತಿ ಹತ್ತು ನಿಮಿಷಕ್ಕೆ ಒಂದು ನಕ್ಷತ್ರದ ಸ್ಟಿಕ್ಕರ್. ಹೀಗೆ ಹೋಲಿಸಿದ್ದಕ್ಕಾಗಿ ನನ್ನ ಮಕ್ಕಳು ಕ್ಷಮಿಸಬೇಕು. ಅವರು ಇದಕ್ಕಿಂತ ಬೇಗ ಕಲಿಯುತ್ತಾರೆ.

ಎರಡನೆಯ ದಿನ ಧೈರ್ಯ ಮಾಡಿ ಎದ್ದು ನಿಂತು, ನಾನು ಹೋಗುವ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಹುಡುಗನೊಬ್ಬ ಬಿಸಿಯೂಟದ ಗಂಟೆ ಬಾರಿಸಿದೊಡನೆ ಕಿರುಚಿ ಕೈ ಕಚ್ಚಿಕೊಳ್ಳುತ್ತಾನೆ, ಏನು ಮಾಡಲಿ ಎಂದು ಕೇಳಿದೆ. ‘ತುಂಬಾ ಒಳ್ಳೆಯ ಪ್ರಶ್ನೆ ಮೇಡಂ, ಅದು ಐದನೆಯ ಮಾಡ್ಯೂಲಿನಲ್ಲಿ ಬರುತ್ತದೆ’ ಎಂಬ ಉತ್ತರ ಬಂತು. ಐದನೆಯ ಮಾಡ್ಯೂಲ್ ಕೊನೆಯ ದಿನದ ಮಧ್ಯಾಹ್ನಕ್ಕಿತ್ತು. ಆ ಮಧ್ಯಾಹ್ನ ಪ್ರಯಾಣಭತ್ಯೆಯ ನಮೂನೆಯನ್ನು ಮೂರು ಪ್ರತಿಗಳಲ್ಲಿ ತುಂಬುವುದು, ಬ್ಯಾನರ್ ಪೂರ್ತಿ ಕಾಣುವಂತೆ ನಿಂತು ಫೋಟೋ ತೆಗೆಸಿಕೊಳ್ಳುವುದು, ತರಬೇತಿಗೆ ಮುಂಚಿನ ಪರೀಕ್ಷೆಯ ಪ್ರಶ್ನೆಗಳಿಗೇ ಕೊನೆಯ ಪರೀಕ್ಷೆಯಲ್ಲಿ ಮತ್ತೊಮ್ಮೆ ಉತ್ತರಿಸುವುದು, ಇವು ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯನ್ನು ನವೀಕರಿಸಿಕೊಳ್ಳಲು ನಮಗೆ ಇಂಥ ತರಬೇತಿಗಳಿಂದ ಸಿಗುವ ಸಿ.ಆರ್.ಇ. (ಮುಂದುವರಿದ ಪುನರ್ವಸತಿ ಶಿಕ್ಷಣ) ಅಂಕಗಳು ಬೇಕು, ಅಂಕಗಳಿಗೆ ಹಾಜರಾತಿ ಬೇಕು. ಆದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಸೋಮವಾರ ಆ ಶಾಲೆಗೆ ಹೋದೆ. ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಅಡುಗೆಯ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತು, ಮಾತಾಡದೆ, ಒಂದು ಸ್ಟೀಲ್ ತಟ್ಟೆಯನ್ನು ಎತ್ತಿ ಹಿಡಿದರು. ಹುಡುಗ ತಟ್ಟೆಯನ್ನು ನೋಡಿದ, ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡ, ಗಂಟೆ ಬಾರಿಸಿ ನಿಲ್ಲುವವರೆಗೆ ಹಾಗೆಯೇ ಕುಳಿತಿದ್ದು, ಆಮೇಲೆ ಎದ್ದು ಸಾಲಿಗೆ ಹೋದ. ಒಂದು ವಾರದಿಂದ ಹೀಗೆಯೇ ಮಾಡುತ್ತಿದ್ದೇನೆ, ಕಚ್ಚಿಕೊಳ್ಳುವುದನ್ನು ಬಿಟ್ಟಿದ್ದಾನೆ ಎಂದು ಅಕ್ಕ ಹೇಳಿದರು. ‘ನಿಮಗೇನು ಕಲಿಸಿದರು ಮಿಸ್, ಮೂರು ದಿನ?’ ಎಂದೂ ಕೇಳಿದರು. ಸಂಜೆ ತರಬೇತಿಯ ಅನುಪಾಲನಾ ವರದಿಯನ್ನು ತುಂಬುವಾಗ ‘ಬಳಸಿದ ತಂತ್ರ’ ಎಂಬಲ್ಲಿ ಸ್ಟೀಲ್ ತಟ್ಟೆಯೆಂದು ಬರೆದೆ. ಪಕ್ಕದ ಅಂಕಣದಲ್ಲಿ ‘ಯಾವ ಮಾಡ್ಯೂಲಿನಿಂದ’ ಎಂದು ಕೇಳಿದ್ದರಿಂದ ಅದನ್ನು ಹೊಡೆದುಹಾಕಿದೆ.